ಸ್ಯಾಕ್ಸೊಫೋನ್ ಹಿಡಿದ ಮೈಸೂರು ದೊರೆ

ಪಾಲಕೋಡ್: ಮದುವೆ ಮೆರವಣಿಗೆಯಿರಲಿ, ಊರಹಬ್ಬವಿರಲಿ, ಗಡಿ ಭಾಗದ ಹಳ್ಳಿಗಳಲ್ಲಿ ವಾಲಗದ ಜೊತೆಗೆ ಬ್ಯಾಂಡ್ ಸೆಟ್ ಬರುವುದು ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದವರಿಗೆ ಒಂದೇ ಬೀದಿಯಲ್ಲಿ ಎರಡು ಬಗೆಯ ವಾದ್ಯ ಕೇಳುವುದೂ ಅಷ್ಟೇ ಸಹಜ. ಆದರೆ ಬಾಗಿದ ಕತ್ತಿನ, ಥಳಥಳ ಹೊಳೆಯುವ ಹಿತ್ತಾಳೆಯ ಸ್ಯಾಕ್ಸೊಫೋನ್ ದಕ್ಷಿಣ ಭಾರತಕ್ಕೆ ಒಗ್ಗಿಕೊಂಡದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಒಂದು ದಾರಿ ನೇರವಾಗಿ ಮೈಸೂರು ಅರಮನೆಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಆ ವಾದ್ಯವನ್ನು ಸ್ವತಃ ನುಡಿಸಬಲ್ಲ ಮಹಾರಾಜರೊಬ್ಬರಿದ್ದರು. ಅವರೇ ನಾಲ್ವಡಿ ಕೃಷ್ಣರಾಜ ಒಡೆಯರ್.

ನಾಲ್ವಡಿಯವರು ಎಂದರೆ ಜನರ ನೆನಪಿಗೆ ಬರುವುದು ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾಲಯ, ದಸರೆಯ ಅಂಬಾರಿ. ಅವರ ಸಂಗೀತದ ಬದುಕು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅಮೆರಿಕದಲ್ಲಿ ಜಾಝ್ ಹುಟ್ಟಿ, ಲಂಡನ್, ಪ್ಯಾರಿಸ್, ಮುಂಬಯಿಯ ಹೋಟೆಲುಗಳಲ್ಲಿ ಡ್ಯಾನ್ಸ್ ಬ್ಯಾಂಡುಗಳು ಮೊಳಗುತ್ತಿದ್ದ ಕಾಲದಲ್ಲೇ ಅವರು ಮೈಸೂರನ್ನು ಆಳಿದರು. ಹೊರಗಿನ ನಾದಕ್ಕೆ ಬಾಗಿಲು ತೆರೆದೂ ಮನೆಯ ಸಂಗೀತವನ್ನು ಕಳೆದುಕೊಳ್ಳದೆ ಇರಬಹುದೇ ಎಂಬುದು ಆ ಕಾಲದ ದೊಡ್ಡ ಪ್ರಶ್ನೆಯಾಗಿತ್ತು. ಎರಡು ಭಾಷೆಗಳ ನಡುವೆ ಬಾಳುವ ಗಡಿನಾಡಿನವರಿಗೆ ಇದು ಇಂದಿಗೂ ಹಳೆಯದಾಗಿಲ್ಲ.

ಬಾರಾಮಹಲಿನ ನಂಟು

ಪಾಲಕೋಡ್, ಧರ್ಮಪುರಿ, ಕೃಷ್ಣಗಿರಿ ಸೀಮೆ ಹಿಂದೆ ಬಾರಾಮಹಲ್ ಎನಿಸಿಕೊಂಡಿತ್ತು. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಇದು ಮೈಸೂರಿನ ಆಳ್ವಿಕೆಯಲ್ಲಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಮುಂದೆ ಇದು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು.

ಹೀಗಾಗಿ ನಾಲ್ವಡಿಯವರು ಈ ಸೀಮೆಯ ರಾಜರಾಗಿರಲಿಲ್ಲ. ಅವರು ಹುಟ್ಟುವ ಹೊತ್ತಿಗೆ ಗಡಿ ಬಿದ್ದು 90 ವರ್ಷ ದಾಟಿತ್ತು. ಆದರೆ ಸಂಗೀತಕ್ಕೆ ಆ ಗಡಿ ಗೊತ್ತಿರಲಿಲ್ಲ. ತಂಜಾವೂರು, ತಿರುನೆಲ್ವೇಲಿ, ಮದರಾಸಿನ ವಿದ್ವಾಂಸರು ಮೈಸೂರಿಗೆ ಬಂದು ಹಾಡುತ್ತಿದ್ದರು. ಮೈಸೂರಿನ ವೈಣಿಕರು ತಮಿಳುನಾಡಿನ ಸಭೆಗಳಿಗೆ ಹೋಗಿ ಬರುತ್ತಿದ್ದರು.

ಹತ್ತು ವರ್ಷಕ್ಕೇ ಪಟ್ಟ

ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು. ತಂದೆ ಚಾಮರಾಜೇಂದ್ರ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ತಂದೆಗೆ ಸಂಗೀತ ಮತ್ತು ನಾಟಕವೆಂದರೆ ಬಲು ಇಷ್ಟ. ಅವರೇ ಪಿಟೀಲು ನುಡಿಸುತ್ತಿದ್ದರು. ವೀಣೆ ಶೇಷಣ್ಣನವರಂಥ ಮಹಾ ವಿದ್ವಾಂಸರು ಅವರ ಆಸ್ಥಾನದಲ್ಲಿದ್ದರು. ಮಗುವಿನ ಕಿವಿಗೆ ಸ್ವರ ಬಿದ್ದದ್ದು ಇಂಥ ಮನೆಯಲ್ಲಿ.

1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರರು ಅಲ್ಲೇ ತೀರಿಕೊಂಡರು. ಆಗ ಹುಡುಗನಿಗೆ ಹತ್ತು ವರ್ಷ. 1895ರ ಫೆಬ್ರವರಿ 1ರಂದು ಪಟ್ಟ ಕಟ್ಟಿದರು. ರಾಜ್ಯಭಾರ ತಾಯಿಯ ಹೆಗಲಿಗೆ ಬಿತ್ತು. ವಾಣಿವಿಲಾಸ ಸನ್ನಿಧಾನ ಎಂದು ಹೆಸರಾದ ಆಕೆ 1902ರವರೆಗೆ ರೀಜೆಂಟರಾಗಿ ರಾಜ್ಯವನ್ನು ನಡೆಸಿದರು.

1897ರಲ್ಲಿ ಅಕ್ಕ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಇಂದಿನ ಅರಮನೆ ಎದ್ದಿತು. ಕೆಲಸ ಮುಗಿದದ್ದು 1912ರಲ್ಲಿ. ಅರಮನೆಯಿಲ್ಲದ ಆ ವರ್ಷಗಳಲ್ಲಿ ಜಗನ್ಮೋಹನ ಅರಮನೆಯೇ ದರ್ಬಾರಿನ ಜಾಗವಾಯಿತು. 1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಬಂದು 18 ವರ್ಷದ ಯುವಕನಿಗೆ ಪೂರ್ಣ ಅಧಿಕಾರ ವಹಿಸಿದ್ದೂ ಅಲ್ಲೇ.

ಈ ನಡುವೆ ಪಾಠ ನಿಂತಿರಲಿಲ್ಲ. ಲೋಕರಂಜನ ಮಹಲಿನಲ್ಲಿ ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿದ್ಯಾಭ್ಯಾಸ ನಡೆಯಿತು. ಇಂಗ್ಲಿಷ್, ಕಾನೂನು, ಕುದುರೆ ಸವಾರಿ ಒಂದು ಕಡೆ. ಸಂಸ್ಕೃತ, ಕನ್ನಡ, ಸಂಗೀತ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಕಲಿತ ಹುಡುಗನಿಗೆ ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕು ಎನಿಸಲಿಲ್ಲ.

ಅರಮನೆಯ ಇಂಗ್ಲಿಷ್ ಬ್ಯಾಂಡ್

ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ತಂದೆಯ ಕಾಲದಲ್ಲೇ ಇತ್ತು. ಮೆರವಣಿಗೆ, ದರ್ಬಾರು, ವೈಸರಾಯ್ ಭೇಟಿ ಎಂದರೆ ಬ್ಯಾಂಡ್ ಇರಲೇಬೇಕಿತ್ತು. ಅನೇಕ ಸಂಸ್ಥಾನಗಳಲ್ಲಿ ಇದು ಬರಿಯ ಠೀವಿಯ ಸಂಗತಿ. ನಾಲ್ವಡಿಯವರು ಹಾಗೆ ಬಿಡಲಿಲ್ಲ. ಒಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ಅವರ ಕಾಲದಲ್ಲಿ ಅರಮನೆಯ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನು ನಡೆಸಿದರು. ಇದರ ಜೊತೆಗೇ ಕರ್ನಾಟಕ ಸಂಗೀತ ನುಡಿಸುವ ಕರ್ನಾಟಕ ಬ್ಯಾಂಡ್ ಕೂಡ ಇತ್ತು.

ಎರಡೂ ಬ್ಯಾಂಡುಗಳ ಕೆಲಸದ ರೀತಿ ಬೇರೆ ಬೇರೆ. ಇಂಗ್ಲಿಷ್ ಬ್ಯಾಂಡಿನವನ ಮುಂದೆ ಸ್ಟ್ಯಾಂಡಿನಲ್ಲಿ ಕಾಗದ ಇರುತ್ತದೆ. ಅದರಲ್ಲಿ ಬರೆದ ಸ್ವರಲಿಪಿಯಂತೆ ಪ್ರತಿಯೊಬ್ಬನೂ ತನ್ನ ತನ್ನ ಪಾಲನ್ನು ನುಡಿಸುತ್ತಾನೆ. ಕ್ಲಾರಿನೆಟ್ ಒಂದು ಸ್ವರ ಹಿಡಿದರೆ ಟ್ರಂಪೆಟ್ ಇನ್ನೊಂದು, ಟ್ಯೂಬಾ ಮತ್ತೊಂದು. ಎಲ್ಲ ಸೇರಿದಾಗ ಒಂದು ತುಂಬು ನಾದ ಹೊರಡುತ್ತದೆ. ಕರ್ನಾಟಕ ಸಂಗೀತದಲ್ಲಿ ಎಲ್ಲರೂ ಹಿಡಿಯುವುದು ಒಂದೇ ರಾಗದ ದಾರಿ. ಅಲ್ಲಿ ಸೊಗಸು ಇರುವುದು ಗಮಕದಲ್ಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಯದಲ್ಲಿ. ಅದನ್ನು ಕಾಗದದಲ್ಲಿ ಪೂರ್ತಿ ಬರೆಯಲಾಗುವುದಿಲ್ಲ. ಗುರುವಿನ ಬಾಯಿಂದಲೇ ಕಲಿಯಬೇಕು.

ಎರಡೂ ಕೂಡುವ ಒಂದು ಕಿರು ಸೇತುವೆ ಇತ್ತು. ಅದು ಶಂಕರಾಭರಣ ರಾಗ. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುವ ಏಳು ಸ್ವರಗಳೇ ಶಂಕರಾಭರಣದಲ್ಲೂ ಇವೆ. ಬಸವಪ್ಪ ಶಾಸ್ತ್ರಿಗಳು ಬರೆದ ಮೈಸೂರು ಸಂಸ್ಥಾನದ ನಾಡಗೀತೆ ಇದೇ ರಾಗದ ಧಾಟಿಯಲ್ಲಿತ್ತು. ಹಾಗಾಗಿ ಅದನ್ನು ವಿದ್ವಾಂಸರೂ ಹಾಡಬಹುದಿತ್ತು, ಇಂಗ್ಲಿಷ್ ಬ್ಯಾಂಡೂ ನುಡಿಸಬಹುದಿತ್ತು.

ಈ ದಾರಿ ಮೈಸೂರಿನವರೇ ಮೊದಲು ಕಂಡದ್ದೂ ಅಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮದರಾಸಿನ ಕಡೆ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವಕ್ಕೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೋಟ್ಟುಸ್ವರಗಳನ್ನು ಮಾಡಿದ್ದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದಿದ್ದರು. ಇಂದು ಪಿಟೀಲಿಲ್ಲದ ಕಚೇರಿಯನ್ನು ಊಹಿಸಲೂ ಆಗದು.

ಜಾಝ್ ಕಾಲ ಬಂತು

ಮೊದಲ ಮಹಾಯುದ್ಧ ಮುಗಿದ ಮೇಲೆ ಜಗತ್ತಿನ ಕಿವಿಯೇ ಬದಲಾಯಿತು. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕರಿಯ ಸಂಗೀತಗಾರರು ಕಟ್ಟಿದ ಜಾಝ್ ಎಂಬ ಹೊಸ ಸಂಗೀತ ಊರೂರಿಗೆ ಹಬ್ಬಿತು. 1917ರಲ್ಲಿ ಜಾಝಿನ ಮೊದಲ ಗ್ರಾಮಫೋನ್ ಪ್ಲೇಟು ಬಂತು. ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಹಿಡಿದು ಹೆಸರಾದದ್ದು 1920ರ ದಶಕದಲ್ಲಿ. ಪಾಲ್ ವೈಟ್‌ಮನ್ ಅವರಂಥವರು ದೊಡ್ಡ ದೊಡ್ಡ ಡ್ಯಾನ್ಸ್ ಬ್ಯಾಂಡುಗಳನ್ನು ಕಟ್ಟಿದರು. ಮಿಲ್ಸ್ ಬ್ರದರ್ಸ್ ಎಂಬ ನಾಲ್ವರು ಅಣ್ಣತಮ್ಮಂದಿರು ಒಂದು ಗಿಟಾರ್ ಇಟ್ಟುಕೊಂಡು, ಉಳಿದ ವಾದ್ಯಗಳ ಸದ್ದನ್ನೆಲ್ಲ ಬಾಯಲ್ಲೇ ಹೊರಡಿಸಿ ಹಾಡಿದರು. ಬಾಯಲ್ಲೇ ಮೃದಂಗದ ಜತಿ ಹೇಳುವ ಕೊನ್ನಕ್ಕೋಲನ್ನು ಕೇಳಿದವರಿಗೆ ಆ ಚಮತ್ಕಾರ ಹೊಸದೆನಿಸದು.

ಈ ಬ್ಯಾಂಡುಗಳ ಮುಖವಾಣಿಯಾದದ್ದು ಸ್ಯಾಕ್ಸೊಫೋನ್. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಮೈ ಹಿತ್ತಾಳೆಯದು, ಊದುವ ಬಾಯಿಗೆ ಮಾತ್ರ ಕ್ಲಾರಿನೆಟ್ಟಿನಂತೆ ಬೆತ್ತದ ಪಟ್ಟಿ. ಮಿಲಿಟರಿ ಬ್ಯಾಂಡುಗಳಲ್ಲಿ ಎಪ್ಪತ್ತು ವರ್ಷ ತಣ್ಣಗಿದ್ದ ಈ ವಾದ್ಯ ಡ್ಯಾನ್ಸ್ ಬ್ಯಾಂಡುಗಳಿಗೆ ಬಂದದ್ದೇ ತಡ, ಮನುಷ್ಯರ ಕೊರಳಿನಂತೆ ನಗುತ್ತದೆ, ಅಳುತ್ತದೆ ಎಂದು ಮನೆಮಾತಾಯಿತು.

ಇಷ್ಟೆಲ್ಲ ಹಬ್ಬಿದ್ದು ಗ್ರಾಮಫೋನಿನಿಂದ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಪ್ಲೇಟಿಗೆ ಇಳಿಸಿಕೊಂಡಾಗಲೇ ಭಾರತಕ್ಕೆ ಈ ಯುಗ ಕಾಲಿಟ್ಟಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಶುರುವಾಯಿತು. 1925ರಲ್ಲಿ ಮೈಕಿನ ಮೂಲಕ ಧ್ವನಿ ಮುದ್ರಿಸುವ ಪದ್ಧತಿ ಬಂದು ನಾದ ಇನ್ನಷ್ಟು ಸ್ಪಷ್ಟವಾಯಿತು. ಒಂದು ಬದಿಗೆ ಸುಮಾರು 3 ನಿಮಿಷ ಮಾತ್ರ. ಆಮೇಲೆ ಮುಳ್ಳು ಎತ್ತಿ ಪ್ಲೇಟು ತಿರುವಬೇಕು. ಗಂಟೆಗಟ್ಟಲೆ ರಾಗ ಬೆಳೆಸುವ ವಿದ್ವಾಂಸನೂ, ರಾತ್ರಿಯಿಡೀ ಕುಣಿಸುವ ಡ್ಯಾನ್ಸ್ ಬ್ಯಾಂಡೂ ಆ 3 ನಿಮಿಷಕ್ಕೆ ಒಗ್ಗಿಕೊಳ್ಳಬೇಕಾಯಿತು.

ಭಾರತದ ದೊಡ್ಡ ಊರುಗಳಲ್ಲಿ ಡ್ಯಾನ್ಸ್ ಬ್ಯಾಂಡುಗಳು ಹೋಟೆಲುಗಳಲ್ಲಿ ನೆಲೆಸಿದವು. 1935ರ ಕೊನೆಗೆ ಅಮೆರಿಕದ ಕರಿಯ ಪಿಟೀಲುಗಾರ ಲಿಯಾನ್ ಅಬೀ ತನ್ನ ಬ್ಯಾಂಡನ್ನು ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಕರೆತಂದ. ಗೋವಾದ ಅನೇಕ ಸಂಗೀತಗಾರರು ಇಂಥವರನ್ನು ಕೇಳಿ ಕಲಿತರು. ಅವರಲ್ಲಿ ಹಲವರು ಮುಂದೆ ಹಿಂದಿ ಸಿನಿಮಾ ವಾದ್ಯಗೋಷ್ಠಿಗಳನ್ನು ತುಂಬಿದರು.

ಮೈಸೂರಿನಲ್ಲಿ ಕೂಡ ಯುರೋಪಿಯನ್ ಅತಿಥಿಗಳಿಗೆಂದು ಲಲಿತಮಹಲ್ ಎದ್ದಿತು. 1921ರಲ್ಲಿ ಅಡಿಗಲ್ಲು ಬಿತ್ತು. ಕುಣಿತಕ್ಕೆಂದೇ ಅಲ್ಲೊಂದು ದೊಡ್ಡ ಹಜಾರವಿತ್ತು. ಮಡಿ, ಪೂಜೆ, ವ್ರತಗಳ ಮುಖ್ಯ ಅರಮನೆಯನ್ನು ಅದರ ಪಾಡಿಗೆ ಬಿಟ್ಟು, ಅತಿಥಿಗಳ ಊಟ ಮತ್ತು ಕುಣಿತಕ್ಕೆ ಊರಿನ ಇನ್ನೊಂದು ತುದಿಯಲ್ಲಿ ಜಾಗ ಮಾಡಿಕೊಟ್ಟದ್ದು ನಾಲ್ವಡಿಯವರ ರೀತಿ. ಯಾರನ್ನೂ ನೋಯಿಸಲಿಲ್ಲ, ಯಾವುದನ್ನೂ ಬೆರಕೆ ಮಾಡಲಿಲ್ಲ.

ಎಂಟು ವಾದ್ಯ ಬಲ್ಲ ರಾಜ

ಮಹಾರಾಜರು ಬಲು ಸಂಕೋಚದ ಮನುಷ್ಯ. ಮಾತು ಕಡಿಮೆ, ಶಿಸ್ತು ಹೆಚ್ಚು. ಬೆಳಗಿನ ಪೂಜೆ ತಪ್ಪಿಸಿದವರಲ್ಲ. 1931ರಲ್ಲಿ ಮಾನಸ ಸರೋವರ ಮತ್ತು ಕೈಲಾಸಕ್ಕೆ ಯಾತ್ರೆ ಹೋಗಿ ಬಂದವರು. ಅಂಥವರ ಕೈಯಲ್ಲಿ ಡ್ಯಾನ್ಸ್ ಹಾಲಿನ ಸ್ಯಾಕ್ಸೊಫೋನ್ ಇತ್ತೆಂದರೆ ಇಂದಿನವರಿಗೂ ಅಚ್ಚರಿಯೇ!

ಅದೊಂದೇ ಅಲ್ಲ. ವೀಣೆ, ಕೊಳಲು, ಪಿಟೀಲು, ಮೃದಂಗ, ನಾಗಸ್ವರ, ಸಿತಾರ್, ಪಿಯಾನೊ, ಸ್ಯಾಕ್ಸೊಫೋನ್ ಹೀಗೆ ಎಂಟು ವಾದ್ಯಗಳನ್ನು ಅವರು ನುಡಿಸಬಲ್ಲವರಾಗಿದ್ದರು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಕರ್ನಾಟಕ, ಹಿಂದುಸ್ತಾನಿ, ಪಾಶ್ಚಾತ್ಯ ಮೂರೂ ಇಲ್ಲಿವೆ. ದೇವಸ್ಥಾನದ ವಾದ್ಯವೂ ಇದೆ, ಡ್ಯಾನ್ಸ್ ಹಾಲಿನ ವಾದ್ಯವೂ ಇದೆ.

ಹೊಸ ಯಂತ್ರಗಳ ಬಗ್ಗೆಯೂ ಅವರಿಗೆ ಕುತೂಹಲ. ಗಾಳಿಯ ಒತ್ತಡದಿಂದ ತಾನೇ ನುಡಿಯುವ ಕ್ಯಾಲಿಯಾಫೋನ್, ಕೈ ತಾಗಿಸದೆ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುತ್ ವಾದ್ಯ ಥೆರಮಿನ್ ಅರಮನೆಗೆ ಬಂದವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಕೊಟ್ಟ ರಾಜ್ಯಕ್ಕೆ ಇಂಥ ಕುತೂಹಲ ಹೊಸದಾಗಿರಲಿಲ್ಲ.

ಆಸ್ಥಾನದಲ್ಲಿ ಮೂರು ದಿಕ್ಕಿನ ನಾದ

ತಾವು ನುಡಿಸುವುದು ಒಂದು. ನುಡಿಸುವವರ ಹೊಟ್ಟೆ ತಂಪಾಗಿಡುವುದು ಇನ್ನೊಂದು. ನಾಲ್ವಡಿಯವರ ದೊಡ್ಡ ಕೆಲಸ ಎರಡನೆಯದು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ವೀಣೆ ವೆಂಕಟಗಿರಿಯಪ್ಪ ಮೊದಲಾದವರು ಅರಮನೆಯ ಆಶ್ರಯದಲ್ಲಿದ್ದರು. ಉತ್ತರದಿಂದ ಅಬ್ದುಲ್ ಕರೀಂ ಖಾನ್, ಆಗ್ರಾ ಘರಾನೆಯ ಗಾಯಕರು ಬಂದು ಹಾಡಿದರು. ಸಿತಾರ್ ವಿದ್ವಾಂಸ ಬರ್ಕತ್‌ಉಲ್ಲಾ ಖಾನ್ ಮೈಸೂರಿನಲ್ಲೇ ನೆಲೆಸಿದರು.

ಗ್ರಾಮಫೋನಿನ ಮೊದಲ ತಾರೆ ಗೌಹರ್ ಜಾನ್ ಕೂಡ ಕೊನೆಗೆ ಬಂದು ಸೇರಿದ್ದು ಮೈಸೂರಿಗೇ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದ ಆಕೆ ಒಂದು ಕಾಲಕ್ಕೆ ಕಲ್ಕತ್ತೆಯ ಸಿರಿವಂತೆ. ಕೋರ್ಟು ಕಚೇರಿಯ ಅಲೆದಾಟದಲ್ಲಿ ಎಲ್ಲ ಕರಗಿತು. 1928ರಲ್ಲಿ ನಾಲ್ವಡಿಯವರು ಆಕೆಯನ್ನು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಗೌಹರ್ ಜಾನ್ ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಪ್ಲೇಟಿನಲ್ಲಿ ದೇಶಕ್ಕೆಲ್ಲ ಕೇಳಿಸಿದ ದನಿಗೆ ಕೊನೆಯ ಎರಡು ವರ್ಷ ನೆರಳಾದದ್ದು ದೂರದ ಮೈಸೂರು.

ವೀಣೆ ವೆಂಕಟಗಿರಿಯಪ್ಪನವರ ಬಗ್ಗೆ ಮೈಸೂರಿನ ಸಂಗೀತಗಾರರು ಹೇಳುವ ಒಂದು ಕಥೆಯಿದೆ. ಅವರು ಮೊದಲ ಬಾರಿ ಮಹಾರಾಜರ ಮುಂದೆ ನುಡಿಸಿದಾಗ ಸಂದ ಬಹುಮಾನ ಬರೀ ಎರಡು ರೂಪಾಯಿ. ನೋಡಿದವರಿಗೆಲ್ಲ ಕಸಿವಿಸಿ. ವೆಂಕಟಗಿರಿಯಪ್ಪನವರು ಮಾತ್ರ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರಂತೆ. ಅದು ಕಲಾವಿದನ ವಿನಯಕ್ಕೆ ಇಟ್ಟ ಪರೀಕ್ಷೆ ಎಂದು ಆಮೇಲೆ ತಿಳಿಯಿತು. ಮುಂದೆ ಆಸ್ಥಾನದಲ್ಲಿ ಅವರಿಗೆ ದೊಡ್ಡ ಸ್ಥಾನ ಸಿಕ್ಕಿತು.

ಇದೇ ವೆಂಕಟಗಿರಿಯಪ್ಪನವರು ಅರಮನೆಯ ವಾದ್ಯಗೋಷ್ಠಿಗೆಂದು ನಗ್ಮಾ ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು. ಇವಕ್ಕೆ ಸಾಹಿತ್ಯವಿಲ್ಲ. ವಾದ್ಯದ ಮೇಲೆ ಚುರುಕಾಗಿ ಓಡುವ ಸ್ವರಗಳೇ ಎಲ್ಲ. ರಾಗ ಇಲ್ಲಿನದು, ನಡಿಗೆಯಲ್ಲಿ ವಾದ್ಯಗೋಷ್ಠಿಯ ಲವಲವಿಕೆ. ಬ್ಯಾಂಡ್ ಕೇಳಿ ಬೆಳೆದ ಕಿವಿಯಿಂದ ಹುಟ್ಟಿದ ಸಂಗೀತ ಇದು. ಆದರೂ ಯಾರದೋ ನಕಲು ಎನಿಸುವುದಿಲ್ಲ.

ತಿರುನೆಲ್ವೇಲಿಯಿಂದ ಬಂದ ಭಾಗವತರು

ಎರಡೂ ಭಾಷೆ ಬಲ್ಲವರಿಗೆ ಹತ್ತಿರವಾಗುವ ಕಥೆ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದು. ತಿರುನೆಲ್ವೇಲಿ ಸೀಮೆಯ ತಮಿಳರಾದ ಅವರು 1927ರಲ್ಲಿ ಮೈಸೂರು ಆಸ್ಥಾನಕ್ಕೆ ಸೇರಿದರು. ಮಹಾರಾಜರ ಇಷ್ಟದಂತೆ ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳು ಹುಟ್ಟಿದವು. ಕನ್ನಡ ಸಾಹಿತ್ಯಕ್ಕೆ ದೇವೋತ್ತಮ ಜೋಯಿಸರ ನೆರವಿತ್ತು. ತಮಿಳು ಮನೆಮಾತಿನ ವಿದ್ವಾಂಸರೊಬ್ಬರು ಕನ್ನಡದಲ್ಲಿ ನೂರೆಂಟು ಕೃತಿಗಳನ್ನು ಹಾಡಿ ನಿಲ್ಲಿಸಿದರು ಎಂಬುದು ಸಣ್ಣ ಮಾತಲ್ಲ.

ಇದೇ ಭಾಗವತರ ಹೆಸರಿನಲ್ಲಿ ಇನ್ನೊಂದು ರಚನೆಯಿದೆ. ಅದೇ ಇಂಗ್ಲಿಷ್ ನೋಟ್. ಶಂಕರಾಭರಣದ ಸ್ವರಗಳನ್ನೇ ಹಿಡಿದು ಬ್ಯಾಂಡಿನ ಮಟ್ಟಿನಂತೆ ಕುಪ್ಪಳಿಸುತ್ತಾ ಸಾಗುವ ಇದನ್ನು ಮಧುರೈ ಮಣಿ ಅಯ್ಯರ್ ಕಚೇರಿಗಳಲ್ಲಿ ಹಾಡಿ ತಮಿಳುನಾಡಿನ ಮನೆಮನೆಗೆ ಮುಟ್ಟಿಸಿದರು. ಅವರ ಕಚೇರಿ ಮುಗಿಯುವ ಹೊತ್ತಿಗೆ ಜನ ಅದಕ್ಕಾಗಿಯೇ ಕಾಯುತ್ತಿದ್ದರು. ದೊಡ್ಡ ರಾಗ, ಪಲ್ಲವಿಗಳ ನಂತರ ಸಭೆಯಲ್ಲಿ ನಗು ಹರಡುವ ರಚನೆ ಅದು.

ಬ್ಯಾಂಡಿನ ಮಟ್ಟು ಕರ್ನಾಟಕ ಸಂಗೀತವನ್ನು ಕೆಡಿಸಲಿಲ್ಲ. ಅದರ ಊಟದೆಲೆಗೆ ಒಂದು ಹೊಸ ಪಲ್ಯವಾಗಿ ಬಂದು ಕೂತಿತು. ಕಾರಣವೂ ಸರಳ. ಮೈಸೂರಿನಲ್ಲಿ ಹೊಸದನ್ನು ಮುಟ್ಟಿದವರೆಲ್ಲ ಹಳೆಯದರಲ್ಲಿ ಪೂರ್ತಿ ಪಳಗಿದವರು. ವೀಣೆ ಶೇಷಣ್ಣನವರು ಪಿಯಾನೊ ಮೇಲೂ ಕೈಯಾಡಿಸಿದವರು, ಆದರೆ ಅವರ ವೀಣೆಯ ಬೇರು ಅಲುಗಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಿಸಬೇಕಿತ್ತು. ವಾದ್ಯ ಹೊರಗಿನದಾದರೂ ಅದು ಇಲ್ಲಿನ ಸಭೆಯ ಮಾತು ಕೇಳಿತು.

ಹಾಡಿನಾಚೆಯ ರಾಜ್ಯ

ಸಂಗೀತದ ಹುಚ್ಚಿನಲ್ಲಿ ರಾಜ್ಯ ಮರೆತ ಅರಸರ ಕಥೆಗಳು ಭಾರತದಲ್ಲಿ ಬೇಕಾದಷ್ಟಿವೆ. ನಾಲ್ವಡಿಯವರು ಆ ಸಾಲಿನವರಲ್ಲ. ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ, ಮಿರ್ಜಾ ಇಸ್ಮಾಯಿಲ್ ಅವರು 1926ರಿಂದ ದಿವಾನರಾಗಿದ್ದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದವು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಲೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಈ ವಿಷಯದಲ್ಲಿ ವಿಶ್ವೇಶ್ವರಯ್ಯನವರಿಗೂ ಮಹಾರಾಜರಿಗೂ ಅಭಿಪ್ರಾಯ ಕೂಡಲಿಲ್ಲ. ದಿವಾನರು ಹುದ್ದೆ ಬಿಟ್ಟರು. ಮಹಾರಾಜರು ಹಿಂದೆ ಸರಿಯಲಿಲ್ಲ. ಗಾಂಧೀಜಿ ಅವರನ್ನು ರಾಜರ್ಷಿ ಎಂದು ಗೌರವಿಸಿದರು.

1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಅರಮನೆಯ ಗೋಡೆಯೊಳಗೆ ಕೆಲವರಿಗಷ್ಟೇ ಸಿಗುತ್ತಿದ್ದ ಸಂಗೀತ ಬೀದಿಗೆ ಬರುವ ಕಾಲ ಶುರುವಾಗಿತ್ತು.

1940, ಎರಡು ಸಾವು

ಮಹಾರಾಜರಿಗೆ ಮಕ್ಕಳಿರಲಿಲ್ಲ. ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೇ ಮುಂದಿನ ದೊರೆ ಎಂದು ಎಲ್ಲರೂ ಎಣಿಸಿದ್ದರು. 1940ರ ಮಾರ್ಚಿನಲ್ಲಿ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಹತ್ತು ವರ್ಷಕ್ಕೇ ತಂದೆಯನ್ನು ಕಳೆದುಕೊಂಡಿದ್ದ ಅಣ್ಣ ಈಗ ತಮ್ಮನನ್ನೂ ಕಳೆದುಕೊಂಡರು. ಐದು ತಿಂಗಳೂ ಆಗಿರಲಿಲ್ಲ, 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರೂ ಹೊರಟುಹೋದರು. ವಯಸ್ಸು 56.

ಪಟ್ಟ ಯುವರಾಜರ ಮಗ ಜಯಚಾಮರಾಜ ಒಡೆಯರಿಗೆ ಬಂತು. ದೊಡ್ಡಪ್ಪನ ಎರಡು ಕಿವಿಯ ಗುಣ ಅವರಲ್ಲೂ ಇತ್ತು. ಪಿಯಾನೊ ಕಲಿತ ಅವರು ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಹಣ ಕೊಟ್ಟು ಅವರ ರಚನೆಗಳು ಗ್ರಾಮಫೋನ್ ಪ್ಲೇಟಿಗೆ ಬರುವಂತೆ ಮಾಡಿದರು. ಇತ್ತ ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದಿಂದ 94 ಕೃತಿಗಳನ್ನು ತಾವೇ ರಚಿಸಿದರು.

ಅರಮನೆ ಮುಗಿದ ಮೇಲೆ

ಒಬ್ಬ ದೊರೆಯ ಅಭಿರುಚಿಯ ಮೇಲೆ ನಿಂತ ಸಂಗೀತಕ್ಕೆ ಒಂದು ಅಪಾಯ ಯಾವಾಗಲೂ ಇದ್ದೇ ಇರುತ್ತದೆ. ದೊರೆತನ ಹೋದರೆ ಸಂಬಳವೂ ಹೋಗುತ್ತದೆ. 1947ರ ನಂತರ ಮೈಸೂರು ಭಾರತ ಒಕ್ಕೂಟಕ್ಕೆ ಸೇರಿತು. 1971ರಲ್ಲಿ ರಾಜಧನವೂ ರದ್ದಾಯಿತು. ವಿದ್ವಾಂಸರು ಸಭೆ, ರೇಡಿಯೊ, ಕಾಲೇಜುಗಳತ್ತ ನಡೆದರು. ಬ್ಯಾಂಡಿನ ಗತಿ ಏನು? ಅದು ಅಳಿಯದೆ ಪೊಲೀಸ್ ಇಲಾಖೆಯ ಆಸರೆಯಲ್ಲಿ ಉಳಿಯಿತು. ಇಂದಿಗೂ ದಸರೆಯಲ್ಲಿ ಪೊಲೀಸ್ ಸಮವಸ್ತ್ರದ ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್ ಅರಮನೆಯ ಮುಂದೆ ನುಡಿಸುತ್ತವೆ. ಸರ್ಕಾರಿ ಸಂಬಳದ ಕೈಗಳಲ್ಲಿ ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್ ಮೇಲೆ ತ್ಯಾಗರಾಜರ ಕೃತಿಯೂ ಹೊರಡುತ್ತದೆ, ಇಂಗ್ಲಿಷ್ ಮಾರ್ಚೂ ಹೊರಡುತ್ತದೆ.

ಆ ಬ್ಯಾಂಡನ್ನು ಕೇಳಿ ಬೆರಗಾದವರಲ್ಲಿ ದಕ್ಷಿಣ ಕನ್ನಡದ ಒಬ್ಬ ಹುಡುಗನೂ ಇದ್ದ. ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಆತನ ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಹುಡುಗನಿಗೆ ಅದೇ ಗುಂಗು. ಗುಂಡಿ ಒತ್ತಿ ಸ್ವರ ಹೊರಡಿಸುವ ವಾದ್ಯದಲ್ಲಿ ಗಮಕ ಜಾರಿಸುವುದು ಕಷ್ಟ. ಅದಕ್ಕಾಗಿ ವಾದ್ಯದ ಗುಂಡಿಗಳನ್ನೇ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಕರ್ನಾಟಕ ಸಂಗೀತವನ್ನು ಪೂರ್ತಿಯಾಗಿ ಅದರಲ್ಲಿ ನುಡಿಸಿದ ಆ ಕಲಾವಿದರೇ ಕದ್ರಿ ಗೋಪಾಲನಾಥ್. 1994ರಲ್ಲಿ ಬಂದ ಕೆ. ಬಾಲಚಂದರ್ ಅವರ ತಮಿಳು ಚಿತ್ರ ಡ್ಯುಯೆಟ್‌ನಲ್ಲಿ ಎ. ಆರ್. ರೆಹಮಾನ್ ಸಂಗೀತಕ್ಕೆ ಸ್ಯಾಕ್ಸೊಫೋನ್ ನುಡಿಸಿದ್ದು ಇವರೇ. ಪಾಲಕೋಡ್ ಕಡೆಯವರು ಟೇಪ್ ರೆಕಾರ್ಡರಿನಲ್ಲಿ ಆ ಹಾಡುಗಳನ್ನು ಕೇಳುವಾಗ ಅದರ ಹಿಂದೆ ಮೈಸೂರಿನ ಬ್ಯಾಂಡ್ ಇದೆ ಎಂದು ಎಷ್ಟು ಮಂದಿಗೆ ಗೊತ್ತಿತ್ತೋ! ಗೋಪಾಲನಾಥ್ 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಜಾಝ್ ಕಾಲದ ಹಳೆಯ ಪ್ಲೇಟುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಮಿಲ್ಸ್ ಬ್ರದರ್ಸ್ ಹಾಡು, ಗೌಹರ್ ಜಾನ್ ಠುಮ್ರಿ, ಮಧುರೈ ಮಣಿ ಅಯ್ಯರ್ ಅವರ ಇಂಗ್ಲಿಷ್ ನೋಟ್ ಎಲ್ಲಕ್ಕೂ ಸೇರಿ ಹತ್ತು ಹದಿನೈದು ನಿಮಿಷ ಸಾಕು. ಒಂದಾದ ಮೇಲೊಂದು ಕೇಳಿ ನೋಡಿ. ಕೊನೆಗೆ ಮೈಸೂರಿನ ಪೊಲೀಸ್ ಬ್ಯಾಂಡ್ ನುಡಿಸುವ ಕೃತಿಯೊಂದನ್ನು ಹಾಕಿ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುತ್ತಾ ಎರಡನ್ನೂ ಉಳಿಸಿಕೊಂಡ ಗಡಿನಾಡಿನವರಿಗೆ, ಪೂಜೆ ಮುಗಿಸಿ ಸ್ಯಾಕ್ಸೊಫೋನ್ ಎತ್ತಿಕೊಂಡ ಆ ಮೌನಿ ದೊರೆ ಅಪರಿಚಿತನೆನಿಸಲಾರರು.